ವಿನೆಗರ್ ಹಚ್ಚಿ ಒಂದು ನಿಮಿಷ

ಕಡಲ ಬದಿಯ ಕೋಡಿ ಎಂಬ ಊರಿನ ಶಿಬಿರದಿಂದ ತಂದ ಸ್ಲೈಡುಗಳಿಗೆ ಬಣ್ಣ ಹಾಕಿ ಮೊದಲನೆಯದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಜೀವಕೋಶಗಳು ಊದಿಕೊಂಡಿದ್ದವು. ಗಾಢ ನೀಲಿಯಾಗಿ ಎದ್ದು ಕಾಣಬೇಕಾದ ನ್ಯೂಕ್ಲಿಯಸ್ಸು ಒಗೆದ ಬಟ್ಟೆಯಲ್ಲಿ ಉಳಿದ ಕಲೆಯಷ್ಟು ಮಸುಕಾಗಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮಧ್ಯಾಹ್ನದ ಹೊತ್ತಿಗೆ ನನ್ನ ಪುಸ್ತಕದಲ್ಲಿ ಒಂದರ ಕೆಳಗೊಂದು ಒಂದೇ ಮಾತು ಬರೆದಾಗಿತ್ತು: ‘ಓದಲು ಯೋಗ್ಯವಲ್ಲ.’

ಎರಡು ಸಾವಿರದ ಇಸವಿ ಕಳೆದ ಮೇಲಿನ ಮೊದಲ ಕೆಲವು ವರ್ಷಗಳ ಮಾತಿದು. ಬ್ರಹ್ಮಾವರದ ಬದಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಶಿಯನ್. ಗರ್ಭಕೋಶದ ಬಾಯಿಯಿಂದ ಮರದ ಕಡ್ಡಿಯಲ್ಲಿ ಕೆರೆದು ತೆಗೆದ ಜೀವಕೋಶಗಳಿಗೆ ಬಣ್ಣ ಹಾಕಿ, ಕ್ಯಾನ್ಸರಿನ ಮುನ್ಸೂಚನೆ ಇದೆಯೇ ಎಂದು ನೋಡುವುದು ನನ್ನ ಕೆಲಸ. ಪ್ಯಾಪ್ ಟೆಸ್ಟ್ ಅಂತ ಅದಕ್ಕೆ ಹೆಸರು. ನಮ್ಮ ಹೆರಿಗೆ ಡಾಕ್ಟರು ಮತ್ತು ಸಿಸ್ಟರ್ ಒಬ್ಬರು ತಿಂಗಳಿಗೆರಡು ಸಲ ಕುಂದಾಪುರ, ಬೈಂದೂರು ಕಡೆ ಶಿಬಿರ ಮಾಡಿ ಸ್ಲೈಡು ತರುತ್ತಿದ್ದರು. ಮದುವೆಯಾದ ಹೆಂಗಸರೆಲ್ಲ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ನಮ್ಮ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೆವು.

ಮೊದಲು ಬಣ್ಣದ ಮೇಲೆ ಸಂಶಯ ಬಂತು. ಹೆಮಟಾಕ್ಸಿಲಿನ್ ಎಂಬ ನೀಲಿ ಬಣ್ಣವನ್ನು ಸೋಸಿದೆ. ಆಲ್ಕೋಹಾಲ್ ಹೊಸದು ತುಂಬಿದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅದೇ ದಿನ ತೆಗೆದ ಒಂದು ಸ್ಲೈಡನ್ನು ಅದೇ ಬಣ್ಣದಲ್ಲಿ ಅದ್ದಿ ನೋಡಿದರೆ ಅದು ಚಂದ ಬಂತು. ಹಾಗಾದರೆ ಕೆಟ್ಟದ್ದು ಲ್ಯಾಬಿನಲ್ಲಲ್ಲ, ಕೋಡಿಯಲ್ಲಿ.

ಕೆರೆದ ಜೀವಕೋಶ ಗಾಜಿನ ಮೇಲೆ ಒಣಗುವ ಮೊದಲು ಆಲ್ಕೋಹಾಲಿಗೆ ಬೀಳಬೇಕು, ಇದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಹೊತ್ತಿನೊಳಗೆ? ಪುಸ್ತಕದಲ್ಲಿ ‘ಕೂಡಲೇ’ ಎಂದಿತ್ತು. ಕೂಡಲೇ ಅಂದರೆ ಎಷ್ಟೆಂದು ನನಗೆ ನೋಡಬೇಕಾಯಿತು. ನನ್ನದೇ ಕೆನ್ನೆಯ ಒಳಭಾಗವನ್ನು ಕಡ್ಡಿಯಲ್ಲಿ ಕೆರೆದು ಹತ್ತು ಸ್ಲೈಡು ಮಾಡಿದೆ. ಒಂದನ್ನು ಆ ಕ್ಷಣವೇ ಆಲ್ಕೋಹಾಲಿಗೆ ಹಾಕಿದೆ, ಒಂದನ್ನು ಐದು ಸೆಕೆಂಡು ಬಿಟ್ಟು, ಒಂದನ್ನು ಹತ್ತು, ಹೀಗೆ. ಕೊನೆಯ ಮೂರನ್ನು ಫ್ಯಾನಿನ ಕೆಳಗೆ ಹಿಡಿದೆ. ಫ್ಯಾನಿನ ಕೆಳಗಿನವು ನಾನು ಎಣಿಸುತ್ತಿರುವಾಗಲೇ ಅಂಚಿನಲ್ಲಿ ಒಣಗತೊಡಗಿದವು. ಬಣ್ಣ ಹಾಕಿ ನೋಡಿದರೆ ಕೋಡಿಯ ಸ್ಲೈಡಿನದೇ ಚಿತ್ರ.

ಸಿಸ್ಟರನ್ನು ಕೇಳಿದೆ. ಅವರು ಬೈಂದೂರಿನವರು, ಕೆಲಸದಲ್ಲಿ ಬಲು ಚುರುಕು. “ಅಲ್ಲಿ ಶಾಲೆ ಕಿಟಕಿ ಎಲ್ಲ ಕಡ್ಲ್ ಬದಿಗಿತ್ತ್ ಮಾರಾಯ್ತಿ. ಗಾಳಿ ಬಂದ್ ಪರದೆ ಹಾರೂಕೆ ಹತ್ತಿತ್. ಆಲ್ಕೋಹಾಲ್ ಬಾಟ್ಲಿ ಬಾಗ್ಲ್ ಹತ್ರ ಇಟ್ಟಿದಿತ್,” ಅಂದರು.

ಬಾಗಿಲಿನವರೆಗೆ ನಾಲ್ಕು ಹೆಜ್ಜೆ, ಜೊತೆಗೆ ಸಮುದ್ರದ ಗಾಳಿ. ಮುಂದಿನ ಸಲ ನಾನೂ ಹೋದೆ. ಕಡಲ ಬದಿಯ ಕಿಟಕಿ ಮುಚ್ಚಿಸಿದೆ. ಅಗಲ ಬಾಯಿಯ ಬಾಟಲಿಯನ್ನು ಡಾಕ್ಟರ ಕೈಯ ಕೆಳಗೇ ಹಿಡಿದು ನಿಂತೆ. ಅವರು ಸ್ಲೈಡಿಗೆ ಸವರಿದರೆ ಸಾಕು, ಬಿಟ್ಟರೆ ಆಲ್ಕೋಹಾಲಿಗೇ ಬೀಳಬೇಕು. ಒಳಗೆ ಸೆಕೆಯೋ ಸೆಕೆ.

ಆದರೆ ಹಿಂದಿನ ಸಲದ ಹೆಂಗಸರಲ್ಲಿ ಎರಡನೆಯ ಸಲ ಬಂದವರು ಕೆಲವೇ ಮಂದಿ. ಬಂದವರಲ್ಲಿ ಒಬ್ಬರು ಮೀನು ಮಾರುವವರು, ವಯಸ್ಸು ನಲವತ್ತೈದರ ಆಸುಪಾಸು. ಮೇಜಿನ ಮೇಲೆ ಮಲಗುವ ಮೊದಲೇ ನನ್ನನ್ನು ಕೇಳಿದರು.

“ಹೋದ್ ಸಲ ತೆಗ್ದದ್ ಎಂತ ಆಯ್ತ್?”

“ಒಣಗ್ ಹೋಯ್ತ್ ಅಕ್ಕ. ತಪ್ಪ್ ನಮ್ದೇ.”

“ಮೀನ್ ಒಣಗೂಕೆ ನಮ್ಗೆ ಮೂರ್ ದಿನ ಬಿಸ್ಲ್ ಬೇಕ್. ನಿಮ್ದ್ ಇಷ್ಟ್ ಬೇಗ ಒಣಗತ್ತಾ?” ಎಂದು ನಕ್ಕು, “ಕಾಂಬ, ಈ ಸಲ ಆದ್ರೂ ಸಮ ಮಾಡಿ,” ಎಂದರು.

ಆ ಸಲ ಸ್ಲೈಡುಗಳು ಚೊಕ್ಕವಾಗಿ ಬಂದವು. ತಿಳಿ ನೀಲಿ, ತಿಳಿ ಗುಲಾಬಿ, ನಡುವೆ ಸಣ್ಣ ಗಾಢ ಚುಕ್ಕೆ. ನೋಡುತ್ತಾ ಹೋದ ಹಾಗೆ ಒಂದು ಸ್ಲೈಡಿನಲ್ಲಿ ನನ್ನ ಕೈ ನಿಂತಿತು. ಒಂದು ಗುಂಪು ಜೀವಕೋಶ, ಮೈ ಸಣ್ಣದಾಗಿ ನ್ಯೂಕ್ಲಿಯಸ್ಸು ಮಾತ್ರ ದೊಡ್ಡದು. ಅಂಚು ಸೊಟ್ಟಪಟ್ಟ, ಬಣ್ಣ ಕಪ್ಪಿಗೆ ಹತ್ತಿರ. ಅಲ್ಲಿಗೊಂದು ಶಾಯಿಯ ಚುಕ್ಕೆ ಇಟ್ಟು ಗುರುತು ಮಾಡಿದೆ. ನಂಬರು ನೋಡಿದರೆ ಮೀನು ಮಾರುವ ಅಕ್ಕನದು.

ವಾರಕ್ಕೊಮ್ಮೆ ಬರುತ್ತಿದ್ದ ಪೆಥಾಲಜಿಸ್ಟ್ ನೋಡಿ ಹೌದೆಂದು ಸಹಿ ಹಾಕಿದರು. ಸ್ಲೈಡುಗಳ ಸರದಿ ಬರುವಷ್ಟರಲ್ಲಿ ಇಷ್ಟಕ್ಕೇ ಮೂರು ವಾರ ಕಳೆದಿತ್ತು. ವರದಿ ಪಡೆಯಲು ಅಕ್ಕ ಬರಲಿಲ್ಲ. ಪತ್ರ ಹಾಕಿದೆವು. ನಮ್ಮ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಕೋಡಿ’ ಎಂದಷ್ಟೇ ಬರೆದಿತ್ತು. ಪತ್ರ ತಿರುಗಿ ಬಂತು.

ನಾನೂ ಸಿಸ್ಟರೂ ಹುಡುಕಿಕೊಂಡು ಹೋದೆವು. ಕೋಡಿಯಲ್ಲಿ ಅದೇ ಹೆಸರಿನವರು ಮೂವರು ಸಿಕ್ಕರು, ಮೂವರೂ ಇವರಲ್ಲ. ಕೊನೆಗೆ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ, ಬುಟ್ಟಿಯ ಹಿಂದೆ ಕೂತ ಒಬ್ಬರು, “ಅವ್ಳಾ? ಮಗ್ಳ್ ಬಾಣಂತನಕ್ ಬೊಂಬಾಯಿಗ್ ಹೋಯ್ ತಿಂಗ್ಳಾಯ್ತ್,” ಎಂದರು. ಅವರೇ ಮನೆ ತೋರಿಸಿದರು. ಮನೆಯವರ ಹತ್ತಿರ ಮಗಳ ಪಕ್ಕದ ಮನೆಯ ಫೋನ್ ನಂಬರ್ ಇತ್ತು. ರೋಗದ ಮಾತನ್ನು ಅವರ ಮುಂದೆ ಎತ್ತದೆ ನಂಬರ್ ಬರೆದುಕೊಂಡು ಬಂದೆ. ಎಸ್‌ಟಿಡಿ ಬೂತಿನಿಂದ ಮಾಡಿದೆ. ಕರೆಯುತ್ತೇವೆ, ಐದು ನಿಮಿಷ ಬಿಟ್ಟು ಮಾಡಿ ಎಂದು ಹಿಂದಿಯಲ್ಲಿ ಹೇಳಿದರು. ಮತ್ತೆ ಮಾಡಿದೆ.

“ಹ್ವಾಯ್, ಯಾರ್ ಅದ್?”

“ಆಸ್ಪತ್ರೆಯಿಂದ ಅಕ್ಕ. ಸ್ಲೈಡ್ ಕಾಂಬೋಳ್.”

“ಮತ್ತೆ ಒಣಗ್ತಾ?”

“ಇಲ್ಲೆ. ಈ ಸಲ ಸಮ ಇತ್ತ್. ಆದ್ರೆ ಅದ್ರಗೆ ಒಂದ್ ತೊಂದ್ರಿ ಕಂಡಿತ್. ನೀವ್ ಬಂದ್ ಇನ್ನೊಂದ್ ಪರೀಕ್ಷೆ ಮಾಡ್ಸ್ಬೇಕ್.”

ಅವರು ದನಿ ತಗ್ಗಿಸಿ, “ಬಾಣಂತಿನ್ ಬಿಟ್ಕಂಡ್ ಬಪ್ಪುದ್ ಹ್ಯಾಂಗೆ ಹೆಣೆ? ನಲ್ವತ್ತ್ ದಿನ ಮುಗಿಲಿ. ಮಗ್ಳಿಗೆ ಮಾತ್ರ ಹೇಳ್ಬೇಡಿ. ಹೆದ್ರಿರೆ ಹಾಲ್ ನಿಂತ್ ಹೋತ್ತ್,” ಎಂದರು.

ಅವರು ಊರಿಗೆ ಬಂದು ದೊಡ್ಡ ಆಸ್ಪತ್ರೆಯಲ್ಲಿ ತುಂಡು ತೆಗೆಸಿ ನೋಡುವ ಹೊತ್ತಿಗೆ, ನಾವು ಸ್ಲೈಡು ತೆಗೆದ ದಿನದಿಂದ ನಾಲ್ಕು ತಿಂಗಳು. ಕ್ಯಾನ್ಸರು ಶುರುವಾಗಿತ್ತು, ಆಳಕ್ಕೆ ಇಳಿದಿರಲಿಲ್ಲ. ಗರ್ಭಕೋಶ ತೆಗೆದರು. ಅಷ್ಟರಲ್ಲೇ ಮುಗಿಯಿತು. ಇನ್ನೂ ತಡ ಮಾಡಿದ್ದರೆ ಅಷ್ಟರಲ್ಲಿ ಮುಗಿಯುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ನಮ್ಮ ಡಾಕ್ಟರಿಗೆ ಹೇಳಿದರಂತೆ.

ಚೇತರಿಸಿಕೊಂಡ ಮೇಲೆ ಅಕ್ಕ ಒಂದು ದಿನ ನಮ್ಮ ಲ್ಯಾಬಿಗೆ ಬಂದರು. ನನ್ನ ಸ್ಟೂಲಿನ ಮೇಲೆ ಕೂತು ಸುತ್ತಲಿನ ಬಾಟಲಿಗಳನ್ನೆಲ್ಲ ನೋಡಿದರು.

“ಒಂದ್ ಕೇಳ್ತೆ, ಬೇಜಾರ್ ಮಾಡ್ಕಂಬೇಡಿ. ಅವತ್ತೇ ಹೇಳಿದ್ರೆ ಅವತ್ತೇ ಎಂತ ಬೇಕಾರೂ ಮಾಡ್ಸ್ಕಂಡ್ ಹೋತಿದ್ದೆ. ಕಾಂಬುಕೆ ಮೂರ್ ವಾರ ಎಂತಕೆ ಬೇಕ್ ನಿಮ್ಗೆ?”

ಬಣ್ಣ ಹಾಕುವುದು, ನಾನು ನೋಡುವುದು, ಪೆಥಾಲಜಿಸ್ಟ್ ಬರುವ ದಿನ, ಟಪಾಲು, ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆದರೆ ನನ್ನ ಉತ್ತರ ನನಗೇ ಸಾಲಲಿಲ್ಲ. ಮೂರು ವಾರದಲ್ಲಿ ನಾನು ಆ ಒಂದು ಸ್ಲೈಡನ್ನು ನೋಡಿದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ.

ಎರಡು ಮೂರು ವರ್ಷ ಹೀಗೇ ನಡೆಯಿತು. ಆಮೇಲೊಮ್ಮೆ ಡಾಕ್ಟರು ಒಂದು ತರಬೇತಿಗೆ ಹೋಗಿ ಬಂದರು. ಅವರು ಮೈಸೂರು ಕಡೆಯವರು. ಒಂದು ತೆಳ್ಳನೆಯ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು.

“ಸರ್ಕಾರದ ಮಾರ್ಗಸೂಚಿ ಬದಲಾಗಿದೆ. ವರ್ಷ ವರ್ಷ ಎಲ್ಲರಿಗೂ ಬೇಡವಂತೆ. ಮೂವತ್ತು ದಾಟಿದವರನ್ನು ನೋಡಿ, ಐದು ವರ್ಷಕ್ಕೊಮ್ಮೆ ನೋಡಿದರೂ ಆದೀತು, ಆದರೆ ಯಾರನ್ನೂ ಬಿಡಬೇಡಿ ಅಂತಾರೆ. ಸ್ಲೈಡಿನ ಬದಲು ವಿನೆಗರ್ ಹಚ್ಚಿ ಒಂದು ನಿಮಿಷ ಕಾಯುವುದು. ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಸಿಸ್ಟರೇ ಬರಿಗಣ್ಣಿನಲ್ಲಿ ನೋಡಬಹುದು.”

“ಬರಿಗಣ್ಣಿನಲ್ಲಿ?” ಎಂದೆ. ನನಗೆ ಸಿಟ್ಟೇ ಬಂದಿತ್ತು. ಒಂದು ಜೀವಕೋಶದ ಅಂಚು ಸೊಟ್ಟಗಿದೆಯೇ ಎಂದು ತಿಳಿಯಲು ನಾನು ವರ್ಷಗಟ್ಟಲೆ ಕಣ್ಣು ಸವೆಸಿದ್ದೆ. “ಹಾಗಾದರೆ ಲ್ಯಾಬ್ ಮುಚ್ಚುವುದಾ ಮೇಡಂ?”

“ಗೊತ್ತಿಲ್ಲ. ನನಗೂ ಪೂರ್ತಿ ನಂಬಿಕೆ ಬಂದಿಲ್ಲ. ನೀವು ಓದಿ ಹೇಳಿ.”

ಓದಿದೆ. ಆಮೇಲೆ ಎದ್ದು, ಕಪಾಟಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆ ಎಳೆದೆ. ಯಾರೂ ಬಂದು ಪಡೆಯದ ವರದಿಗಳ ಲಕೋಟೆಗಳು ಅದರಲ್ಲಿದ್ದವು. ಊರಿನ ಪ್ರಕಾರ ನೆಲದ ಮೇಲೆ ಜೋಡಿಸುತ್ತಾ ಹೋದೆ: ಕೋಡಿ, ಯಡ್ತರೆ, ಶಿರೂರು. ಶಿರೂರಿನದು ಎಲ್ಲಕ್ಕಿಂತ ಎತ್ತರ. ಬಸ್ಸಿನಲ್ಲಿ ಅಷ್ಟು ದೂರದಿಂದ ಒಂದು ಕಾಗದಕ್ಕಾಗಿ ಯಾರು ಬರುತ್ತಾರೆ? ಹೆಚ್ಚಿನವು ‘ತೊಂದರೆ ಇಲ್ಲ’ ಎಂಬ ವರದಿಗಳೇ. ಆದರೂ ಪ್ರತಿಯೊಂದರ ಹಿಂದೆ, ತನಗೇನಾಗಿದೆ ಎಂದು ತಿಳಿಯದೆಯೇ ಉಳಿದ ಒಬ್ಬ ಹೆಂಗಸು ಇದ್ದಳು. ನಾನು ಸ್ಲೈಡನ್ನು ಎಷ್ಟು ಚೆನ್ನಾಗಿ ಓದಿದೆ ಎಂಬುದರಿಂದ ಅವಳಿಗೆ ಒಂದಿಷ್ಟೂ ಪ್ರಯೋಜನ ಆಗಿರಲಿಲ್ಲ.

ಮರುದಿನ ಡಾಕ್ಟರಿಗೆ ಹೇಳಿದೆ: “ಕೆಲವು ತಿಂಗಳು ಎರಡೂ ಮಾಡುವ. ಮೊದಲು ಸ್ಲೈಡಿಗೆ ತೆಗೆಯಿರಿ, ಆಮೇಲೆ ವಿನೆಗರ್ ಹಚ್ಚಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ.” ಅವರು ಒಪ್ಪಿದರು.

ವಿನೆಗರ್ ಎಂದರೂ ಅಂಗಡಿಯದಲ್ಲ. ಲ್ಯಾಬಿನ ಅಸಿಟಿಕ್ ಆಸಿಡ್ ಐದು ಭಾಗ, ಶುದ್ಧ ನೀರು ತೊಂಬತ್ತೈದು ಭಾಗ. ಅಳತೆ ತಪ್ಪಿದರೆ ಮೈ ಸುಡುತ್ತದೆ, ಹಾಗಾಗಿ ಅದನ್ನು ಬೆರೆಸುವ ಕೆಲಸವನ್ನು ನಾನು ಯಾರಿಗೂ ಬಿಡಲಿಲ್ಲ. ಪ್ರತಿ ಶಿಬಿರದ ಬೆಳಿಗ್ಗೆ ಹೊಸದಾಗಿ ಬೆರೆಸಿ, ನನ್ನ ಮುಂಗೈಗೆ ಹಚ್ಚಿ ನೋಡಿ, ಬಾಟಲಿಗೆ ತಾರೀಕು ಬರೆಯುತ್ತಿದ್ದೆ.

ಮೊದಲ ಶಿಬಿರ ಶಿರೂರಿನಲ್ಲಿ. ಅದು ಪೂರ್ತಿ ಕೆಟ್ಟಿತು. ಸಿಸ್ಟರು ನೋಡಿದ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಗೆ ‘ಬಿಳಿ ಕಂಡಿತ್’ ಎಂದರು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಸುದ್ದಿ ತಿಳಿದು, ಪರೀಕ್ಷೆಗೆ ಬಂದಿದ್ದ ಕೆಲವರು ಎದ್ದು ಮನೆಗೆ ಹೋದರು. ಚಿಕ್ಕ ಪ್ರಾಯದವಳೊಬ್ಬಳು ನನ್ನ ಕೈ ಹಿಡಿದು, “ನಂಗೆ ಕ್ಯಾನ್ಸರಾ?” ಎಂದು ಅಳತೊಡಗಿದಳು. ಡಾಕ್ಟರು ಒಬ್ಬೊಬ್ಬರನ್ನೇ ಮತ್ತೆ ನೋಡಿ, ಬಹಳ ಮಂದಿಗೆ ಏನೂ ಇಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು. ನನ್ನ ಸ್ಲೈಡುಗಳೂ ಅದನ್ನೇ ಹೇಳಿದವು.

ಇದು ಸುಳ್ಳು ಪರೀಕ್ಷೆ ಎಂದು ಅಲ್ಲಿಗೇ ಬಿಡಬಹುದಿತ್ತು. ನಿಜ ಹೇಳುವುದಾದರೆ ಒಳಗೊಳಗೆ ನನಗೆ ಸ್ವಲ್ಪ ಸಂತೋಷವೂ ಆಗಿತ್ತು. ಆದರೆ ಕೋಡಿಯ ಒಣಗಿದ ಸ್ಲೈಡುಗಳು ನೆನಪಿದ್ದವು. ಆಗ ಪರೀಕ್ಷೆ ಸುಳ್ಳಾಗಿರಲಿಲ್ಲ, ನಾವು ಮಾಡಿದ ರೀತಿ ತಪ್ಪಾಗಿತ್ತು. ಮುಂದಿನ ಶಿಬಿರದಲ್ಲಿ ಸಿಸ್ಟರ ಪಕ್ಕದಲ್ಲೇ ನಿಂತು ನೋಡಿದೆ.

“ಸಿಸ್ಟರ್, ಒಂದು ನಿಮಿಷ ಹೇಗೆ ಎಣಿಸ್ತೀರಿ?”

“ಮನಸ್ಸಲ್ಲೇ. ಅರವತ್ತ್ ತನ್ಕ.”

ನನ್ನ ವಾಚು ಹಿಡಿದು ನೋಡಿದೆ. ಅವರ ಅರವತ್ತು ಇಪ್ಪತ್ತೈದು ಸೆಕೆಂಡಿಗೇ ಮುಗಿಯಿತು. ಹೊರಗೆ ಸಾಲು ಕಾಯುತ್ತಿರುವಾಗ ಯಾರದ್ದಾದರೂ ಅಷ್ಟೇ. ಅಷ್ಟು ಬೇಗ ನೋಡಿದರೆ, ನಿಮಿಷ ತುಂಬುವಾಗ ತಾನಾಗಿ ಮಾಯವಾಗುವ ಮಬ್ಬು ಬಿಳಿಯೂ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ಇನ್ನೊಂದು ತೊಂದರೆ ಬೆಳಕು. ಹಳದಿ ಬಲ್ಬಿನಲ್ಲಿ ಒದ್ದೆ ಜಾಗವೆಲ್ಲ ಹೊಳೆದು ಬಿಳಿಯಂತೆ ಕಾಣುತ್ತಿತ್ತು. ಲೋಳೆಯನ್ನು ಮೊದಲೇ ಹತ್ತಿಯಿಂದ ಒರೆಸದಿದ್ದರೆ ಅದೂ ಬಿಳಿ. ಬಲ್ಬಿನ ಬದಲು ಬಿಳಿ ಬೆಳಕಿನ ದೊಡ್ಡ ಟಾರ್ಚು ತಂದೆವು. ಸೆಕೆಂಡಿನ ಮುಳ್ಳಿರುವ ಗಡಿಯಾರವೊಂದನ್ನು ಸಿಸ್ಟರ ಕಣ್ಣೆದುರಿನ ಗೋಡೆಗೆ ನೇತು ಹಾಕಿದೆವು. ಒರೆಸು, ಹಚ್ಚು, ಮುಳ್ಳು ಒಂದು ಸುತ್ತು ಬರುವ ತನಕ ಕಾಯಿ, ಆಮೇಲೆ ನೋಡು. ಮಬ್ಬು ಬಿಳಿ ಅಲ್ಲ, ಅಂಚು ಗೆರೆ ಎಳೆದಷ್ಟು ಸ್ಪಷ್ಟ ಇರುವ ದಟ್ಟ ಬಿಳಿ ಕಂಡರೆ ಮಾತ್ರ ಡಾಕ್ಟರನ್ನು ಕರೆ.

ಒಂದು ಸಲ ಸಿಸ್ಟರು ನನ್ನನ್ನೇ ಕರೆದು ತೋರಿಸಿದರು. ಎಳೆ ಕೆಂಪು ಜಾಗದ ಮೇಲೆ ಏನೂ ಇರಲಿಲ್ಲ. ಮುಳ್ಳು ಅರ್ಧ ಸುತ್ತು ದಾಟುವಾಗ ಒಂದು ಬದಿಯಲ್ಲಿ ಮಂಜಿನ ತೆರೆಯ ಹಾಗೆ ಏನೋ ಮೂಡಿತು. ಸುತ್ತು ಮುಗಿಯುವಾಗ ಅದು ಬೆಳ್ಳಗೆ ಗಟ್ಟಿಯಾಗಿತ್ತು. ಅದೇ ಹೆಂಗಸಿನ ಸ್ಲೈಡನ್ನು ಎರಡು ದಿನ ಬಿಟ್ಟು ನೋಡಿದೆ: ದೊಡ್ಡ ನ್ಯೂಕ್ಲಿಯಸ್ಸಿನ ಜೀವಕೋಶಗಳ ಗುಂಪು. ಇಷ್ಟು ವರ್ಷ ನಾನು ಬಿಡಿಬಿಡಿಯಾಗಿ ನೋಡುತ್ತಿದ್ದದ್ದು ಒಟ್ಟಾಗಿ ಒಂದು ಜಾಗದಲ್ಲಿ ಹೇಗಿರುತ್ತದೆ ಎಂದು ಅವತ್ತೇ ಮೊದಲು ಕಂಡದ್ದು. ಆ ಸಂಜೆ ಸಿಟ್ಟು ಹೋಗಿತ್ತು.

ಯಡ್ತರೆಯ ಅಜ್ಜಿಯೊಬ್ಬರ ವಿಷಯದಲ್ಲಿ ಮಾತ್ರ ಉಲ್ಟಾ ಆಯಿತು. ಅರವತ್ತು ದಾಟಿದ ಗಟ್ಟಿ ಜೀವ, ಗದ್ದೆ ಕೆಲಸ ಇನ್ನೂ ಮಾಡುತ್ತಿದ್ದರು. ವಿನೆಗರ್ ಹಚ್ಚಿದರೆ ಏನೂ ಕಾಣಲಿಲ್ಲ. ಸ್ಲೈಡಿನಲ್ಲಿ ಮಾತ್ರ ಕೆಟ್ಟ ಜೀವಕೋಶ. ಮಾರ್ಗಸೂಚಿಯ ಪುಸ್ತಕವನ್ನು ಮತ್ತೆ ತೆರೆದು ಓದಿದೆ. ನಾನು ಬೇಗ ಬೇಗ ದಾಟಿ ಹೋಗಿದ್ದ ಒಂದು ಸಾಲಿನಲ್ಲಿ ಅದೂ ಇತ್ತು: ಮುಟ್ಟು ನಿಂತ ಮೇಲೆ ಗರ್ಭಕೋಶದ ಬಾಯಿಯಲ್ಲಿ ರೋಗ ಹುಟ್ಟುವ ಅಂಚು ಒಳಕ್ಕೆ ಸರಿದುಬಿಡುತ್ತದೆ, ಹಚ್ಚಿದ ವಿನೆಗರ್ ಅಲ್ಲಿಗೆ ಮುಟ್ಟುವುದಿಲ್ಲ, ಮುಟ್ಟಿದರೂ ಕಣ್ಣಿಗೆ ಕಾಣುವುದಿಲ್ಲ. ಅಜ್ಜಿಯನ್ನು ಅವರ ಮನೆಗೇ ಹೋಗಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ಸಲ ವಿಳಾಸ ಬರೆದುಕೊಳ್ಳುವಾಗ ಮನೆಯ ಹೆಸರು, ಹತ್ತಿರದ ಅಂಗಡಿ, ಬಸ್ ನಿಲ್ದಾಣ ಎಲ್ಲ ಬರೆದಿದ್ದೆವು. ಅಜ್ಜಿ ಉಳಿದರು.

ಡಾಕ್ಟರು, ಸಿಸ್ಟರು, ನಾನು ಮೂವರೂ ಕೂತು ತೀರ್ಮಾನ ಮಾಡಿದ್ದು ಆವಾಗ. ಮೂವತ್ತರಿಂದ ಮುಟ್ಟು ನಿಲ್ಲುವ ತನಕ ವಿನೆಗರ್. ಅದರ ಮೇಲಿನವರಿಗೆ ಸ್ಲೈಡು, ಆದರೆ ವರದಿಯನ್ನು ನಾವೇ ಮನೆಗೆ ಮುಟ್ಟಿಸುವುದು. ಬಿಳಿ ಕಂಡು, ಚಿಕಿತ್ಸೆಗೆ ತಕ್ಕದ್ದು ಎಂದು ಡಾಕ್ಟರಿಗೆ ಅನ್ನಿಸಿದರೆ, ತಣ್ಣಗಿನ ಗ್ಯಾಸಿನಿಂದ ಆ ಜಾಗವನ್ನು ಅವತ್ತೇ ಹೆಪ್ಪುಗಟ್ಟಿಸಿ ಸಾಯಿಸುವುದು. ಅದರ ಯಂತ್ರ ಆಮೇಲೆ ಬಂತು. ಗೋಡೆಯ ಬರಹವನ್ನು ಸುಣ್ಣ ಬಳಿದು ಅಳಿಸಿ ಹೊಸದು ಬರೆಸಿದೆವು.

ಬರೆಸಿದ್ದಕ್ಕೆ ಉತ್ತರ ಹೇಳಬೇಕಾಗಿ ಬಂದದ್ದು ಕೋಡಿಯಲ್ಲಿ. ಮಹಿಳಾ ಮಂಡಳಿಯ ಸಭೆಗೆ ನಾನೇ ಹೋಗಿದ್ದೆ. ಮೀನು ಮಾರುವ ಅಕ್ಕ ಮೊದಲ ಸಾಲಿನಲ್ಲಿದ್ದರು. ನಾನು ಮಾತು ಮುಗಿಸುವುದನ್ನೇ ಕಾಯುತ್ತಿದ್ದು ಎದ್ದು ನಿಂತರು.

“ಮೊದ್ಲ್ ವರ್ಷ ವರ್ಷ ಬನ್ನಿ ಅಂದ್ರಿ. ಈಗ ಐದ್ ವರ್ಷಕ್ಕೊಂದ್ ಸಲ ಸಾಕ್ ಅಂತ್ರಿ. ಇಪ್ಪತ್ತೈದ್ರ ಹೆಣ್ಣಿಗೆ ಬ್ಯಾಡ ಅಂತ್ರಿ. ಮುಂಚಿನ್ದ್ ಸುಳ್ಳಾ, ಈಗಿನ್ದ್ ಸುಳ್ಳಾ?”

ಸಭೆ ನಕ್ಕಿತು. ನಾನು ನಗುವ ಹಾಗಿರಲಿಲ್ಲ.

“ಸುಳ್ಳ್ ಅಲ್ಲ ಅಕ್ಕ. ಮುಂಚೆ ಇಷ್ಟ್ ಗೊತ್ತಿರ್ಲಿಲ್ಲೆ. ಈ ಕ್ಯಾನ್ಸರ್ ಒಂದ್ ವೈರಸ್ಸಿಂದ ಬಪ್ಪುದ್. ಅದ್ ಪ್ರಾಯದ್ ಹೆಣ್ ಮಕ್ಳಿಗೆ ತುಂಬ ಜನಕ್ಕೆ ಬತ್ತ್, ಒಂದೆರಡ್ ವರ್ಷದಗೆ ತನ್ನಷ್ಟಕ್ಕೇ ಹೋತ್ತ್. ಹೋಪುಕ್ ಮೊದ್ಲ್ ಪರೀಕ್ಷೆ ಮಾಡಿರೆ ಸುಮ್ನೆ ಹೆದರ್ಸಿದ ಹಾಂಗ್ ಆತ್ತ್. ಯಾರಿಗೆ ಉಳ್ದ್ಕಂತೋ ಅವ್ರಿಗೂ ಕ್ಯಾನ್ಸರ್ ಆಯ್ಕಾರೆ ಹತ್ತಾರ್ ವರ್ಷ ಬೇಕ್. ಹಾಂಗಾಯಿ ಮೂವತ್ತರ ಮೇಲೆ ತಪ್ಪದೆ ಬಂದ್ರೆ ಸಾಕ್.”

“ಹಾಂಗಾರೆ ಇನ್ನ್ ಐದ್ ವರ್ಷಕ್ಕೆ ಇನ್ನೊಂದ್ ಹೇಳ್ತ್ರಿ.”

“ಹೇಳ್ಲಕ್ ಅಕ್ಕ. ಹೊಸ್ತ್ ಗೊತ್ತಾರೆ ಹೇಳ್ತೊ.”

“ಆಯ್ಲಿ. ಬದ್ಲಾದ್ರೆ ಬೇಜಾರಿಲ್ಲೆ. ಬಂದ್ ಹೇಳಿ, ಅಷ್ಟೇ,” ಎಂದು ಕೂತರು. ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ನಿಂತ ಸಾಲು ಅಂಗಳದ ತನಕ ಇತ್ತು.

ಹೆಪ್ಪುಗಟ್ಟಿಸುವ ಯಂತ್ರವನ್ನು ಮೊದಲು ಹೊರಗೆ ಒಯ್ದದ್ದು ಬೈಂದೂರಿಗೆ. ಜೀಪಿನಲ್ಲಿ ಗ್ಯಾಸಿನ ಸಿಲಿಂಡರು ಉರುಳದಂತೆ ನಾನೂ ಸಿಸ್ಟರೂ ಎರಡೂ ಬದಿ ಹಿಡಿದು ಕೂತಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಒಬ್ಬಳಿಗೆ ಬಿಳಿ ಕಂಡಿತು. ಪ್ರಾಯ ಮೂವತ್ತನಾಲ್ಕು, ಇಬ್ಬರು ಮಕ್ಕಳು, ಗಂಡ ಬೊಂಬಾಯಿಯ ಹೋಟೆಲಿನಲ್ಲಿ. ಡಾಕ್ಟರು ನೋಡಿದರು. ಕಲೆ ಸಣ್ಣದು, ಒಳಕ್ಕೆ ಹೋಗಿಲ್ಲ, ಇವತ್ತೇ ಮಾಡಬಹುದು ಎಂದರು. ಏನು ಮಾಡುತ್ತೇವೆ, ಎಷ್ಟು ನೋವಾಗುತ್ತದೆ, ಆಮೇಲೆ ಕೆಲವು ವಾರ ನೀರು ಹೋಗುವುದು, ಒಂದು ತಿಂಗಳು ಗಂಡ ಹೆಂಡತಿ ದೂರ ಇರಬೇಕಾದದ್ದು, ಎಲ್ಲ ಬಿಡಿಸಿ ಹೇಳಿದರು.

ಅವಳು ಎದ್ದು ಕೂತಳು. “ಗಂಡನ್ನ್ ಕೇಳ್ಬೇಕ್. ಒಂದ್ ಫೋನ್ ಮಾಡ್ಕಂಡ್ ಬತ್ತೆ.”

ಹೊರಗೆ ಹೋದಳು. ನಾವು ಕಾದೆವು. ಹತ್ತು ನಿಮಿಷ, ಹದಿನೈದು ನಿಮಿಷ. ಸಿಸ್ಟರು ಮುಂದಿನವರನ್ನು ನೋಡಿ ಮುಗಿಸಿದರು. ಡಾಕ್ಟರು ಸಿಲಿಂಡರಿನ ಒತ್ತಡದ ಮುಳ್ಳನ್ನು ಎರಡು ಸಲ ನೋಡಿದರು. ಅವಳು ಬಾರದಿದ್ದರೆ ಮನೆ ಹುಡುಕಿ ಹೋಗಬೇಕಾದ ದಾರಿಯನ್ನು ನಾನು ಪುಸ್ತಕದಲ್ಲಿ ಓದಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪರದೆ ಸರಿಸಿ ಅವಳೇ ಬಂದಳು.

“ಏನಂದರು?” ಎಂದು ಡಾಕ್ಟರು ಕೇಳಿದರು.

“ಫೋನ್ ಮಾಡ್ಲಿಲ್ಲೆ. ಅಂಗ್ಡಿ ತನ್ಕ ಹೋಯ್ ನಿಂತೆ. ಅಲ್ಲಿ ಕೂಕಂಡ್ ಅವ್ರಿಗೆ ಎಂತ ಗೊತ್ತಾತ್ತ್? ಊರಿಗ್ ಬಂದ್ ಮೇಲೆ ಕಾಂಬ ಅಂಬ್ರ್. ಮೈ ನಂದಲ್ದಾ. ಮಾಡಿ.”

ಮೂರು ವಾರವನ್ನು ಒಂದು ನಿಮಿಷಕ್ಕೆ ಇಳಿಸಿದ್ದೇವೆ ಎಂದಷ್ಟೇ ನಾನು ತಿಳಿದಿದ್ದೆ. ಆ ಮೂರು ವಾರ ಮನೆಯಲ್ಲಿ ಯಾರು ಯಾರು ಏನೇನು ತೀರ್ಮಾನ ಮಾಡುತ್ತಿದ್ದರು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮೂರು ನಿಮಿಷ ಹೆಪ್ಪುಗಟ್ಟಿಸುವುದು, ಐದು ನಿಮಿಷ ಬಿಡುವುದು, ಮತ್ತೆ ಮೂರು ನಿಮಿಷ. ನಾನು ವಾಚು ಹಿಡಿದು ನಿಂತೆ. ಅವಳು ಒಮ್ಮೆ ಹಲ್ಲು ಕಚ್ಚಿದ್ದು ಬಿಟ್ಟರೆ ಸುಮ್ಮನೆ ಮಲಗಿದ್ದಳು. ಮುಗಿದ ಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ ಚಾ ಕೊಟ್ಟೆವು.

“ನೀವೇ ಅಲ್ದಾ ಅದನ್ನ್ ಮೈಕ್ರೋಸ್ಕೋಪಗೆ ಕಾಂಬುದ್?” ಎಂದು ಕೇಳಿದಳು. “ಅದ್ ಹ್ಯಾಂಗಿರತ್ತ್ ಕಾಂಬುಕೆ?”

ಯಾರೂ ನನಗೆ ಹಾಗೆ ಕೇಳಿರಲಿಲ್ಲ. ನೋಂದಣಿ ಪುಸ್ತಕದಿಂದ ಒಂದು ಹಾಳೆ ಹರಿದೆ. ಅಗಲ ಮೈಯ, ನಡುವೆ ಸಣ್ಣ ಚುಕ್ಕೆಯ ಒಂದು ಒಳ್ಳೆಯ ಜೀವಕೋಶ ಬರೆದೆ. ಪಕ್ಕದಲ್ಲಿ ಸಣ್ಣ ಮೈಯ, ದೊಡ್ಡ ಸೊಟ್ಟ ಚುಕ್ಕೆಯ ಕೆಟ್ಟದ್ದು. ಅವಳು ಎರಡನ್ನೂ ಬೆರಳಿಟ್ಟು ನೋಡಿದಳು.

“ಇಷ್ಟೇಯಾ?”

“ಇಷ್ಟೇ.”

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. “ಅವ್ರ್ ಊರಿಗ್ ಬಂದ್ರೆ ತೋರ್ಸ್ತೆ. ಫೋನಗೆ ಹೇಳಿರೆ ಗೊತ್ತಾತಿಲ್ಲೆ,” ಎಂದು ಎದ್ದು, ಶಿರೂರಿನ ಬಸ್ಸು ಬಂದ ಸದ್ದು ಕೇಳಿ ಬೇಗ ಬೇಗ ನಡೆದಳು.